ಎಬಿಎಸ್ ದೋಷದ ತಪ್ಪು ನಿರ್ಣಯ ಮತ್ತು ವಾರಂಟಿ ಬಗ್ಗೆ ನೀಡಿದ ಎಚ್ಚರಿಕೆಯ ಕುರಿತು ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಅಧಿಕೃತ ಸೇವಾ ಕೇಂದ್ರ

ಮಾನ್ಯರೇ,

ಡ್ಯಾಶ್‌ಬೋರ್ಡ್‌ನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಆರದೆ ಉರಿಯುತ್ತಿದ್ದ ಕಾರಣ ನನ್ನ ಕಾರನ್ನು ತಪಾಸಣೆಗಾಗಿ ತಮ್ಮಲ್ಲಿ ಬಿಟ್ಟಿದ್ದೆ. ಎಬಿಎಸ್ ಮಾಡ್ಯೂಲ್, ಅಂದರೆ ಅದರ ನಿಯಂತ್ರಣ ಘಟಕ, ಸಂಪೂರ್ಣವಾಗಿ ಕೆಟ್ಟಿದೆ, ಹೊಸದನ್ನೇ ಹಾಕಿಸಬೇಕು, ನನ್ನ ವಿಸ್ತರಿತ ವಾರಂಟಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ ಇರುವುದರಿಂದ ಪೂರ್ತಿ ವೆಚ್ಚವನ್ನು ನಾನೇ ಭರಿಸಬೇಕು ಎಂದು ತಮ್ಮ ಸರ್ವಿಸ್ ಅಡ್ವೈಸರ್ ತಿಳಿಸಿದರು. ಯಾವ ಪರೀಕ್ಷೆಯಿಂದ ಈ ತೀರ್ಮಾನಕ್ಕೆ ಬಂದಿರಿ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಜಾಬ್ ಕಾರ್ಡ್‌ನಲ್ಲಿಯೂ ‘ಮಾಡ್ಯೂಲ್ ಬದಲಿಸಬೇಕು’ ಎಂಬ ಒಂದೇ ಸಾಲಿದೆ. ಸ್ಕ್ಯಾನರ್ ತೋರಿಸಿದ ದೋಷ ಸಂಕೇತವನ್ನು ಎಲ್ಲಿಯೂ ನಮೂದಿಸಿಲ್ಲ.

ತಪಾಸಣಾ ಶುಲ್ಕ ಪಾವತಿಸಿ ಕಾರನ್ನು ಪರಿಚಯದ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರ ಸಾಧಾರಣ ಸ್ಕ್ಯಾನರ್ ತೋರಿಸಿದ್ದು ಸಿ0035, ಅಂದರೆ ಎಡ ಮುಂಚಕ್ರದ ವೇಗ ಸಂವೇದಕದ ಸರ್ಕ್ಯೂಟ್‌ನಲ್ಲಿ ದೋಷ. ಅವರು ಜಾಕ್ ಏರಿಸಿ, ಚಕ್ರ ಬಿಚ್ಚಿ, ಸಂವೇದಕದ ವೈರಿನ ಜಾಡು ಹಿಡಿದು ಹೋದಾಗ ಕನೆಕ್ಟರ್‌ನೊಳಗೆ ನೀರು ಸೇರಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿರುವುದನ್ನು ನಾನೇ ಕಣ್ಣಾರೆ ಕಂಡೆ. ಪಿನ್‌ಗಳನ್ನು ಸ್ವಚ್ಛಗೊಳಿಸಿ, ಕೆಟ್ಟಿದ್ದ ರಬ್ಬರ್ ಸೀಲ್ ಬದಲಿಸಿ, ಸಂಕೇತವನ್ನು ಅಳಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ದೀಪ ಆರಿತು; ಇಂದಿನವರೆಗೂ ಮತ್ತೆ ಹೊತ್ತಿಲ್ಲ. ನಿಜವಾಗಿ ಮಾಡ್ಯೂಲೇ ಕೆಟ್ಟಿದ್ದರೆ ಹೊಸದಕ್ಕೆ ಕಂಪನಿಯ ಸಾಫ್ಟ್‌ವೇರ್‌ನಿಂದ ಕೋಡಿಂಗ್ (ಕಾರಿಗೆ ಹೊಂದಿಸುವ ಕೆಲಸ) ಮಾಡಬೇಕಾಗುತ್ತಿತ್ತು, ಆಗ ನನ್ನನ್ನು ಅಧಿಕೃತ ಕೇಂದ್ರಕ್ಕೇ ಕಳುಹಿಸುತ್ತಿದ್ದುದಾಗಿಯೂ ಆ ಮೆಕ್ಯಾನಿಕ್ ಹೇಳಿದರು. ಅಂಥ ಕೆಲಸಕ್ಕೆ, ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ಮರಳಿ ಕರೆಸುವ ರೀಕಾಲ್‌ಗೆ, ವಾರಂಟಿಯ ದುರಸ್ತಿಗೆ ಅಧಿಕೃತ ಕೇಂದ್ರವೇ ಸರಿ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅಷ್ಟೆಲ್ಲ ಉಪಕರಣಗಳಿರುವ ಕೇಂದ್ರದಲ್ಲಿ ಒಂದು ಕನೆಕ್ಟರ್ ಬಿಚ್ಚಿ ನೋಡುವ ಮೊದಲೇ ಇಡೀ ಮಾಡ್ಯೂಲ್ ಬದಲಿಸಲು ಸೂಚಿಸಿದ್ದು ನಿರ್ಲಕ್ಷ್ಯವೋ, ಬಿಡಿಭಾಗ ಮಾರುವ ಆತುರವೋ ತಿಳಿಯದಾಗಿದೆ.

ಇದಕ್ಕಿಂತ ಹೆಚ್ಚು ಆಕ್ಷೇಪಾರ್ಹವಾದುದು, ಕಾರನ್ನು ಹಿಂಪಡೆಯುವಾಗ ಅಡ್ವೈಸರ್ ಆಡಿದ ಮಾತು. ಹೊರಗೆ ಎಲ್ಲಿಯಾದರೂ ಬ್ರೇಕ್ ಕೆಲಸ ಮಾಡಿಸಿದರೆ ಎಂಜಿನ್ ವಾರಂಟಿಯೂ ರದ್ದಾಗುತ್ತದೆ ಎಂದು ಅವರು ಎಚ್ಚರಿಸಿದರು. ನನ್ನ ಬಳಿಯಿರುವ ವಾರಂಟಿ ಪುಸ್ತಿಕೆಯನ್ನು ಆದ್ಯಂತ ಓದಿದ್ದೇನೆ. ಹೊರಗಿನ ದುರಸ್ತಿಯಿಂದಲೇ ಉಂಟಾದ ಹಾನಿಗೆ ರಕ್ಷಣೆಯಿಲ್ಲ ಎಂದು ಅದರಲ್ಲಿದೆಯೇ ಹೊರತು, ಚಕ್ರದ ಬಳಿಯ ವೈರನ್ನು ಮುಟ್ಟಿದರೆ ಎಂಜಿನ್‌ನ ಹೊಣೆ ಕಳಚಿಕೊಳ್ಳುವ ಷರತ್ತು ಎಲ್ಲಿಯೂ ಇಲ್ಲ. ಕಾರನ್ನು ಎಲ್ಲಿ ರಿಪೇರಿ ಮಾಡಿಸಬೇಕೆಂಬುದು ಮಾಲೀಕನ ಆಯ್ಕೆ. ಅದನ್ನು ಇಂಥ ಬೆದರಿಕೆಯಿಂದ ತಡೆಯುವುದು ಸಲ್ಲದು.

ಆದ್ದರಿಂದ ತಪಾಸಣೆಯ ದಿನ ತೆಗೆದ ಸ್ಕ್ಯಾನ್ ವರದಿಯ ಪ್ರತಿಯನ್ನು ನನಗೆ ನೀಡಬೇಕು. ಸ್ಕ್ಯಾನ್ ಮಾಡಿಯೇ ಇಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸಬೇಕು. ತಪ್ಪು ನಿರ್ಣಯಕ್ಕೆ ಪಡೆದ ತಪಾಸಣಾ ಶುಲ್ಕವನ್ನು ಮರಳಿಸಬೇಕು. ಈ ದುರಸ್ತಿಯಿಂದ ನನ್ನ ಎಂಜಿನ್ ಮತ್ತು ಗೇರ್‌ಬಾಕ್ಸ್ ವಾರಂಟಿಗೆ ಬಾಧಕವಿಲ್ಲವೆಂದು ಬರಹದಲ್ಲಿ ಖಚಿತಪಡಿಸಬೇಕು. ಬಾಧಕವಿದೆ ಎನ್ನುವುದಾದರೆ ಅದಕ್ಕೆ ಆಧಾರವಾದ ಷರತ್ತಿನ ಸಂಖ್ಯೆಯನ್ನು ತಿಳಿಸಬೇಕು. ಫೋನ್ ಮೂಲಕ ನೀಡುವ ಸಮಜಾಯಿಷಿಯನ್ನು ಉತ್ತರವೆಂದು ಪರಿಗಣಿಸುವುದಿಲ್ಲ. ಜಾಬ್ ಕಾರ್ಡ್, ಶುಲ್ಕದ ರಸೀದಿ ಮತ್ತು ಕಿಲುಬು ಹಿಡಿದ ಕನೆಕ್ಟರ್‌ನ ಛಾಯಾಚಿತ್ರಗಳನ್ನು ಲಗತ್ತಿಸಿದ್ದು, ಈ ಪತ್ರದ ಪ್ರತಿಯನ್ನು ಕಾರು ತಯಾರಿಕಾ ಕಂಪನಿಯ ಗ್ರಾಹಕ ವಿಭಾಗಕ್ಕೂ ಕಳುಹಿಸಿದ್ದೇನೆ.

ಇಂತಿ,
ವಾಹನದ ಮಾಲೀಕ