ಎಚ್‌ಐವಿ: ಹೆರಿಗೆ ಮುಗಿದ ಮೇಲೂ ನಿಗಾ ಬೇಕು

ಮಾನ್ಯರೇ,

ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದನ್ನು ತಡೆಯುವ ಚರ್ಚೆ ಬಡ ದೇಶಗಳಲ್ಲಿ ಸಾಮಾನ್ಯವಾಗಿ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಹೆರಿಗೆ ಹೊತ್ತಿಗೆ ತಾಯಿಗೊಂದು ನೆವಿರಪಿನ್ ಮಾತ್ರೆ, ಮಗುವಿಗೊಂದು ಗುಟುಕು ಎಂಬ ಕಾಲ ಹೋಯಿತು. 2011ರಲ್ಲಿ ಮಲಾವಿ ದೇಶವು ಸಿಡಿ4 (ರೋಗನಿರೋಧಕ ರಕ್ತಕಣ) ಎಣಿಕೆಗೆ ಕಾಯದೆ, ಸೋಂಕಿರುವ ಎಲ್ಲ ಗರ್ಭಿಣಿಯರಿಗೂ ಜೀವನಪರ್ಯಂತದ ಎಆರ್‌ಟಿ (ವೈರಾಣುವನ್ನು ಹತ್ತಿಕ್ಕುವ ಔಷಧ ಚಿಕಿತ್ಸೆ) ಶುರುಮಾಡಿತು. ಈಗ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಸೇರಿದ ಒಂದೇ ಮಾತ್ರೆ ದಿನಕ್ಕೊಮ್ಮೆ ಸಾಕು. ಔಷಧವೇ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಗಲುವ ಸೋಂಕನ್ನು ಎದೆಹಾಲು ಕುಡಿಸುವಲ್ಲೂ 5ಕ್ಕಿಂತ ಕೆಳಗಿಳಿಸಬಹುದು.

ಎಡವಟ್ಟಾಗುವುದು ಸಣ್ಣ ಸಂಗತಿಗಳಲ್ಲಿ. ಗರ್ಭಿಣಿಗೆ ಕೊಡುವ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆಗೇ ನುಂಗಿದರೆ ಅವು ಅದನ್ನು ಹಿಡಿದಿಟ್ಟುಕೊಂಡು ರಕ್ತ ಸೇರದಂತೆ ಮಾಡುತ್ತವೆ. ಒಂದೋ ಊಟದ ಜೊತೆ ಎಲ್ಲವನ್ನೂ ತೆಗೆದುಕೊಳ್ಳಬೇಕು, ಇಲ್ಲವೇ ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಬೇಕು. ಎರಡೂ ಮಾತ್ರೆಗಳನ್ನು ಒಂದೇ ಕೈಯಿಂದ ಕೊಡುವ ನರ್ಸ್ ಇದನ್ನು ಹೇಳದಿದ್ದರೆ ಇನ್ಯಾರು ಹೇಳಬೇಕು?

ಮಗುವಿನ ನೆವಿರಪಿನ್ ಸಿರಪ್‌ನದೂ ಅದೇ ಕಥೆ. 2.5 ಕೆ.ಜಿ.ಗಿಂತ ಹೆಚ್ಚು ತೂಕದ ಶಿಶುವಿಗೆ 6 ವಾರಗಳ ಕಾಲ ದಿನಕ್ಕೊಮ್ಮೆ 15 ಮಿ.ಗ್ರಾಂ. ಕೊಡಬೇಕು. ಮಿಲಿಲೀಟರಿಗೆ 10 ಮಿ.ಗ್ರಾಂ. ಇರುವ ಸಿರಪ್‌ನಲ್ಲಿ ಅದು ಒಂದೂವರೆ ಮಿ.ಲೀ. ಚಮಚದಲ್ಲಿ ಇದು ನಿಖರವಾಗಿ ಸಿಗುವುದಿಲ್ಲ. ಬಾಟಲಿಯ ಜೊತೆ ಸಿರಿಂಜ್ ಕೊಟ್ಟು, ಎಲ್ಲಿಯವರೆಗೆ ಎಳೆಯಬೇಕೆಂದು ಅದರ ಮೇಲೆ ಗೆರೆ ಹಾಕಿಕೊಡಬೇಕು. ತಾಯಿ ತಡವಾಗಿ ಚಿಕಿತ್ಸೆ ಆರಂಭಿಸಿದ್ದರೆ ಈ ಒಂದು ಔಷಧ ಸಾಲದು. ಜಿಡೊವುಡಿನ್ ಕೂಡ ಬೇಕು, ಅವಧಿಯೂ ಹೆಚ್ಚುತ್ತದೆ.

18 ತಿಂಗಳೊಳಗಿನ ಮಗುವಿನಲ್ಲಿ ತಾಯಿಯ ಪ್ರತಿಕಾಯಗಳು (ವೈರಾಣುವಿನ ವಿರುದ್ಧ ದೇಹ ತಯಾರಿಸುವ ಅಂಶಗಳು) ಉಳಿದಿರುವುದರಿಂದ, ಅವನ್ನೇ ಹುಡುಕುವ ಸಾಮಾನ್ಯ ರ‍್ಯಾಪಿಡ್ ಕಿಟ್‌ನಿಂದ ಸೋಂಕು ಖಚಿತವಾಗದು. 4ರಿಂದ 6 ವಾರಕ್ಕೆ ಹಿಮ್ಮಡಿ ಚುಚ್ಚಿ, ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ವೈರಾಣುವನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳುಹಿಸಬೇಕು. ಅರೆಬರೆ ಒಣಗಿದ್ದನ್ನು ಕವರಿಗೆ ಹಾಕಿದರೆ ಮಾದರಿ ಕೆಟ್ಟು, ಮತ್ತೆ ವಾರಗಟ್ಟಲೆ ಕಾಯುವ ಪಾಡು. ಸೋಂಕಿತ ಶಿಶುಗಳ ಸಾವು ಅತಿ ಹೆಚ್ಚು ಸಂಭವಿಸುವುದು 2–3 ತಿಂಗಳ ವಯಸ್ಸಿನಲ್ಲೇ. ಆದ್ದರಿಂದ ಮೊದಲ ವರದಿ ಪಾಸಿಟಿವ್ ಬಂದ ದಿನವೇ ಚಿಕಿತ್ಸೆ ಶುರುವಾಗಬೇಕು. ಖಚಿತಪಡಿಸಲು ಎರಡನೇ ಮಾದರಿ ತೆಗೆಯಿರಿ, ಆದರೆ ಅದರ ಫಲಿತಾಂಶಕ್ಕೆ ಕಾಯಬೇಡಿ.

ನಮ್ಮ ದೊಡ್ಡ ತಕರಾರು ಇನ್ನೊಂದಿದೆ. ಗರ್ಭಿಣಿಯಾದಾಗ ನೆಗೆಟಿವ್ ಬಂದ ಮಹಿಳೆಯ ಹೆಸರು ಅಲ್ಲಿಗೇ ರಿಜಿಸ್ಟರ್‌ನಿಂದ ಮರೆಯಾಗುತ್ತದೆ. ಆನಂತರ ಆಕೆಗೆ ಹೊಸದಾಗಿ ಸೋಂಕು ತಗುಲಿದರೆ ರಕ್ತದಲ್ಲಿ ವೈರಾಣು ವಿಪರೀತ ಏರಿರುತ್ತದೆ, ಹಾಲಿನ ಮೂಲಕ ಮಗುವಿಗೆ ದಾಟುವ ಅಪಾಯವೂ ಹಾಗೆಯೇ. ಸೋಂಕು ಹೆಚ್ಚಿರುವ ಕಡೆಗಳಲ್ಲಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮತ್ತು ಹಾಲುಣಿಸುವಾಗ ಮರುಪರೀಕ್ಷೆ ಆಗಲಿ, ಗಂಡನಿಗೂ ಆಗಲಿ. ಮಗುವಿಗೆ ಲಸಿಕೆ ಹಾಕಿಸಲು ಹೇಗೂ ಬರುತ್ತಾರೆ. ಆ ಮೇಜಿನಲ್ಲೇ ಕಿಟ್ ಇಟ್ಟರೆ ಪ್ರತ್ಯೇಕ ಓಡಾಟ ತಪ್ಪುತ್ತದೆ. ಸೋಂಕಿರುವ ತಾಯಿಯ ಮಗುವಿನ ಕಡತವನ್ನಂತೂ 18 ತಿಂಗಳಿಗೆ ಅಥವಾ ಹಾಲು ಬಿಡಿಸಿ 3 ತಿಂಗಳಾದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆಗ, ಕೊನೆಯ ಪರೀಕ್ಷೆ ಮಾಡದೆ ಮುಚ್ಚಕೂಡದು.

– ತಾಯಿ-ಮಗು ಆರೋಗ್ಯ ಕ್ಷೇತ್ರದ ವೈದ್ಯರು