ಕಾಯಿ ಏಕೆ ಕಚ್ಚುವುದಿಲ್ಲ ಎಂದು ತಿಳಿಸಿಕೊಟ್ಟವರಿಗೆ

ಮನೆಯಂಗಳದಲ್ಲೇ ಡೇಲಿಲಿ ಹೂಗಿಡಗಳ ತಳಿಸಂಕರಣ (ಒಂದರ ಪರಾಗ ಇನ್ನೊಂದಕ್ಕೆ ಹಚ್ಚಿ ಹೊಸ ತಳಿ ಪಡೆಯುವುದು) ಮಾಡುವ ನಮ್ಮಂಥವರ ಗೊಂದಲ ಬಗೆಹರಿಸಿ, ಹೆಸರೂ ಹೇಳದೆ ಹೋದ ತಮಗೆ ತುಂಬು ಧನ್ಯವಾದ. ಕಾಯಿ ಕಚ್ಚದಿದ್ದರೆ ಎಲ್ಲರೂ ಗೊಬ್ಬರವನ್ನು ದೂರುತ್ತಾರೆ. ಮೊದಲು ವರ್ಣತಂತುಗಳ (ಜೀವಕೋಶದಲ್ಲಿ ವಂಶಗುಣ ಹೊತ್ತ ಎಳೆಗಳು, ಕ್ರೋಮೋಸೋಮ್) ಲೆಕ್ಕ ನೋಡಿ ಎಂದವರು ತಾವು. 22 ವರ್ಣತಂತುಗಳ (ಎರಡು ಗುಂಪಿನ) ಡಿಪ್ಲಾಯ್ಡ್‌ಗೆ 44ರ (ನಾಲ್ಕು ಗುಂಪಿನ) ಟೆಟ್ರಾಪ್ಲಾಯ್ಡ್ ಪರಾಗ ಹಚ್ಚಿದರೆ ಬೀಜ ಕಟ್ಟುವುದು ಬಹಳ ಅಪರೂಪ. ಎಷ್ಟು ಹೂವಿಗೆ ಹಚ್ಚಿದರೂ ಅಷ್ಟೇ.

ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ, ಒಂದು ಕೇಸರವನ್ನು ಚಿಮಟದಿಂದ ಕಿತ್ತು, ಅದರ ಪುಡಿಯನ್ನು ಇನ್ನೊಂದು ಹೂವಿನ ಉದ್ದನೆಯ ಶಲಾಕೆಯ (ನಡುವಿನ ಹೆಣ್ಣು ಭಾಗದ ಕಡ್ಡಿ) ತುದಿಗೆ ಸವರಬೇಕು. ನೀರು ತಗುಲಿದರೆ ಪರಾಗ ಕೆಡುತ್ತದೆ. ತಾಪಮಾನ 32 ಡಿಗ್ರಿ ದಾಟಿದರೆ ಕಾಯಿ ಕಚ್ಚುವುದು ಕಷ್ಟ. ಹೂವಿಗೆ ಕಟ್ಟುವ ಚೀಟಿಯಲ್ಲಿ ತಾಯಿಗಿಡದ ಹೆಸರು ಮೊದಲು, ಪರಾಗ ಕೊಟ್ಟದ್ದು ಆಮೇಲೆ. ಪೆನ್ಸಿಲ್‌ನಲ್ಲೇ ಬರೆಯಿರಿ ಎಂದಿರಲ್ಲ, ಅದು ಲಕ್ಷದ ಮಾತು: ಮಳೆಗೆ ಶಾಯಿ ಅಳಿಸಿಹೋದರೆ ವಂಶಾವಳಿ ಹುಡುಕುವುದು ಯಾರಿಂದಲೂ ಆಗದು.

ಕಾಯಿ ಬಲಿಯಲು ಸುಮಾರು 40ರಿಂದ 60 ದಿನ. ಕಂದುಬಣ್ಣಕ್ಕೆ ತಿರುಗಿ ತುದಿ ಬಿರಿದಾಗ ಬಿಡಿಸಿ, ಕಪ್ಪಗೆ ಹೊಳೆಯುವ ಗಟ್ಟಿ ಬೀಜ ಮಾತ್ರ ಇಟ್ಟುಕೊಳ್ಳಬೇಕು. ಒತ್ತಿದರೆ ಮೆತ್ತಗಾಗುವುದು ಜೊಳ್ಳು. ಬೀಜವನ್ನು ತೇವ ಮಾಡಿದ, ನೀರು ಹಿಡಿದಿಡುವ ಹಗುರ ಖನಿಜವಾದ ವರ್ಮಿಕ್ಯುಲೈಟ್‌ನಲ್ಲಿ 4ರಿಂದ 6 ವಾರ ಫ್ರಿಜ್‌ನಲ್ಲಿಟ್ಟರೆ ಮೊಳಕೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಫ್ರೀಜರ್ ಮಾತ್ರ ಬೇಡ, ನೀರು ಹೀರಿದ ಬೀಜ ಅಲ್ಲಿ ಸತ್ತೇಹೋಗುತ್ತದೆ.