ಮುಳುಗದ ಮೀನುಗೂಡು, ಸೋರುವ ಹೊಂಡ: ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮವರು ಕೃಷಿಹೊಂಡಕ್ಕೆ ಹಾಕಿದ ಹತ್ತು ಮೀನುಗೂಡು ತೇಲಿ, ಶೀಟು ಹರಿದು, ಮೀನು ಸತ್ತ ಬಗ್ಗೆ.

ಮಾನ್ಯರೇ,

ಏಳು ಸಲ ಫೋನ್ ಮಾಡಿದ್ದೇನೆ, ಎರಡು ಸಲ ಆಫೀಸಿಗೆ ಬಂದಿದ್ದೇನೆ. ಬಾಯಿಮಾತು ಸಾಕು, ಇನ್ನು ಬರಹದಲ್ಲೇ ಇರಲಿ.

ಹೊಂಡ ಮೇಲ್ಗಡೆ 30×30 ಮೀಟರ್, ಆಳ 3 ಮೀಟರ್, ತುಂಬಿದರೆ 19 ಲಕ್ಷ ಲೀಟರ್ ನೀರು. ಒಳಗೆ ನೀರು ಇಂಗದಂತೆ ಹಾಸಿದ 500 ಮೈಕ್ರಾನ್ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟು. ಕೆರೆಯಲ್ಲಾದರೆ ಬೇರು, ಕಲ್ಲು, ಜೊಂಡು ಇರುತ್ತದೆ. ಶೀಟಿನ ಹೊಂಡದಲ್ಲಿ ಮೀನಿಗೆ ಮರೆ ಅನ್ನುವುದೇ ಇಲ್ಲ. ಬೆರಳುದ್ದದ ಮರಿ ಬಿಟ್ಟರೆ ನೀರುಕಾಗೆಗೆ ಎಲೆ ಹಾಕಿ ಬಡಿಸಿದ ಹಾಗೆ. ಮೀನು ಅಡಗಲು ನೀರಿನ ತಳಕ್ಕೆ ಇಳಿಸುವ ಈ ಪೈಪಿನ ಗೂಡು ತರಿಸಿದ್ದು ಅದಕ್ಕೇ. ಗೂಡಿನ ಮೈಗೆ ಪಾಚಿ ಕಟ್ಟಿದರೆ ರೋಹುವಿಗೆ ಮೇವೂ ಆಗುತ್ತದೆ. ಇದೆಲ್ಲ ನಿಮ್ಮ ಕೈಪಿಡಿಯಲ್ಲೇ ಇದೆ. ಅದನ್ನು ಬರೆದವರು ಬಲ್ಲವರು. ಗೂಡು ಹಾಕಲು ಬಂದವರು ಅದನ್ನು ಓದಿರಲಿಲ್ಲ, ಅಷ್ಟೆ.

ಕೈಪಿಡಿಯ ನಾಲ್ಕನೇ ಪುಟ: ಪೈಪಿಗೆ ಅಡಿಗೊಂದರಂತೆ ಮೇಲೂ ಕೆಳಗೂ 12 ಮಿ.ಮೀ. ತೂತು ಕೊರೆಯಬೇಕು, ನೀರು ಒಳಹೊಕ್ಕು ಗಾಳಿ ಹೊರಬರಬೇಕು. ನಿಮ್ಮವರು ಒಂದು ತೂತೂ ಕೊರೆಯದೆ, ಎರಡೂ ತುದಿಗೆ ಮುಚ್ಚಳ ಹಾಕಿ, ಗಮ್ ಬಳಿದು ಭದ್ರ ಮಾಡಿದ್ದಾರೆ. ಒಂದು ಗೂಡಿಗೆ 110 ಮಿ.ಮೀ. ಪಿವಿಸಿ ಪೈಪು ಆರು ಮೀಟರ್. ಅದು ಸರಿಸುವ ನೀರು ಸುಮಾರು 57 ಕೆ.ಜಿ.; ಪೈಪಿನ ತೂಕ ಎಂಟು ಕೆ.ಜಿ. ಕಳೆದರೂ 49 ಕೆ.ಜಿ. ಮೇಲಕ್ಕೆ ಎಳೆಯುತ್ತದೆ. ಕಟ್ಟಿದ್ದು ಎರಡು ಸಾಲಿಡ್ ಬ್ಲಾಕ್. ದಡದಲ್ಲಿ ಒಂದೊಂದು 34 ಕೆ.ಜಿ. ತೂಗುವ ಬ್ಲಾಕು ನೀರೊಳಗೆ 18 ತೂಗುತ್ತದೆ. ಎರಡಕ್ಕೆ 36. ಉಳಿದ ಲೆಕ್ಕ ಮೂರನೇ ಕ್ಲಾಸಿನ ಮಗುವನ್ನು ಕೇಳಿ.

ಬರೀ ತೇಲಿದ್ದರೆ ಸುಮ್ಮನಿರುತ್ತಿದ್ದೆನೇನೋ. ಗೂಡು ಮೇಲೆ, ಮೀಟರುದ್ದದ ಹಗ್ಗದಲ್ಲಿ ಬ್ಲಾಕು ಕೆಳಗೆ ಜೋತಾಡುತ್ತ, ಗಾಳಿ ಬೀಸಿದ ಕಡೆಗೆ ತೇಲಿಹೋಗಿ, ಇಳಿಜಾರಿನ ಶೀಟಿಗೆ ಬ್ಲಾಕಿನ ಮೂಲೆ ಉಜ್ಜಿದೆ. ಹಗಲೂ ರಾತ್ರಿ ಉಜ್ಜಿದೆ. ಬ್ಲಾಕಿನ ಅಡಿಗೆ ಹಳೇ ಟೈರು ಅಥವಾ ಎರಡು ಪದರ ಗೋಣಿ ಕಟ್ಟಬೇಕು ಎನ್ನುವುದೂ ಅದೇ ಪುಟದಲ್ಲಿದೆ. ಬಿಸಿಲಿಗೆ ದಿನಕ್ಕೆ ಐದಾರು ಮಿ.ಮೀ. ನೀರು ಆರುವುದು ಸಹಜ. ಇಲ್ಲಿ ಎರಡಿಂಚು ಇಳಿಯುತ್ತಿದೆ, ಅಂದರೆ ದಿನಕ್ಕೆ ನಲವತ್ತು ಸಾವಿರ ಲೀಟರಿಗೂ ಮೇಲೆ. ಗಮ್ ಟೇಪು ಹಚ್ಚಿ ಎಂದು ಫೋನಿನಲ್ಲಿ ಸಲಹೆ ಬಂತು. ಎಚ್‌ಡಿಪಿಇಗೆ ಗಮ್ ಹಿಡಿಯುವುದಿಲ್ಲ ಸ್ವಾಮಿ. ನೀರು ಇಳಿಸಿ, ಒರೆಸಿ ಒಣಗಿಸಿ, ಬಿಸಿಗಾಳಿಯಲ್ಲಿ ತೇಪೆ ಬೆಸೆಯಬೇಕು.

ಗೂಡಿನ ನಡುವೆ ತುರುಕಿದ ಸೊಪ್ಪಿನ ವಿಚಾರ. ಎಲೆ ಉದುರಿಸಿ ತಿಂಗಳು ಒಣಗಿಸಿದ ಬಿದಿರು ಅಥವಾ ಸರ್ವೆ ಕೊಂಬೆ ಎಂದು ಬರೆದುಕೊಂಡವರು ನೀವು. ತಂದದ್ದು ಅಂದು ಬೆಳಗ್ಗೆಯೇ ಕಡಿದ ನೀಲಗಿರಿ, ಹಸಿ ಎಲೆ ಸಮೇತ, ಎಂಟು ಹೊರೆ. ಆರನೇ ದಿನಕ್ಕೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ರಾತ್ರಿ ಪಾಚಿಯೂ ತಿನ್ನುತ್ತದೆ, ಹಾಗಾಗಿ ಬೆಳಗಿನ ಜಾವಕ್ಕೆ ಆಮ್ಲಜನಕ ತಳ ಮುಟ್ಟುತ್ತದೆ. ಲೀಟರಿಗೆ 5 ಮಿ.ಗ್ರಾಂ. ಇರಬೇಕಾದ್ದು ಆರು ಗಂಟೆಗೆ ಕಿಟ್‌ನಲ್ಲಿ ಒಂದೂವರೆ ತೋರಿಸಿತು. ಮೊದಲು ಕಾಟ್ಲಾ ಬಾಯಿ ಮೇಲೆತ್ತಿ ಸತ್ತವು, ಆಮೇಲೆ ರೋಹು. ಒಟ್ಟು 140. ಹೊರೆಗಳನ್ನು ಎಳೆದು ಹಾಕಿ, ಪಂಪಿನಿಂದ ನೀರು ಎರಚಿಸಿ ಉಳಿದವನ್ನು ಉಳಿಸಿಕೊಂಡದ್ದು ನಮ್ಮ ಆಳುಗಳು.

ಮೀನು ಹಿಡಿಯುವಾಗ ಎಳೆಬಲೆ ಎಳೆಯಲು ಹೊಂಡದ ಒಂದು ಬದಿ ಖಾಲಿ ಬಿಡಬೇಕಿತ್ತು. ಹತ್ತನ್ನೂ ರಂಗೋಲಿ ಚುಕ್ಕಿಯಂತೆ ಚೆಲ್ಲಿದ್ದಾರೆ, ಅದೂ ಇರಲಿ.

ಎರಡನೇ ಸಲ ಆಫೀಸಿಗೆ ಬಂದಾಗ ನಡೆದದ್ದನ್ನು ಮಾತ್ರ ಪೂರ್ತಿ ಬರೆಯುತ್ತೇನೆ. ಬೆಳಗ್ಗೆ 10.40ಕ್ಕೆ ಟೋಕನ್ ತೆಗೆದುಕೊಂಡೆ, 12.15ಕ್ಕೆ ಕರೆದರು. ಗೂಡು ತೇಲುತ್ತಿದೆ ಎಂದೆ. "ತೇಲಿದ್ರೆ ಒಳ್ಳೇದಲ್ವಾ ಯಜಮಾನ್ರೇ, ಎಲ್ಲಿದೆ ಅಂತ ಗೊತ್ತಾಗುತ್ತೆ" ಎಂದರು ನಿಮ್ಮ ಅಧಿಕಾರಿ. ಪಕ್ಕದ ಮೇಜಿನವರೂ ನಕ್ಕರು. ಮುಚ್ಚಳ ಸಮೇತ ಕೊಯ್ದು ತಂದಿದ್ದ ಪೈಪಿನ ತುಂಡನ್ನು ಮುಂದಿಟ್ಟೆ. ಪೆನ್ನಿನಿಂದ ಟಕ್ ಟಕ್ ಬಡಿದು, "ಪೈಪ್ ಗಟ್ಟಿಯಾಗೇ ಇದೆಯಲ್ಲ" ಎಂದರು. ತೂತು ಎಲ್ಲಿ ಎಂದೆ. "ತೂತು ಕೊರೆದು ಕೊಟ್ಟಿದ್ರೆ ತೂತು ಪೈಪ್ ಕೊಟ್ರಿ ಅಂತ ಜಗಳಕ್ಕೆ ಬರ್ತಿದ್ರಿ." ಕೈಪಿಡಿಯ ನಾಲ್ಕನೇ ಪುಟ ಬಿಡಿಸಿ ಇಟ್ಟೆ. ಅಷ್ಟರಲ್ಲಿ ಟೀ ಬಂತು. ಅವರಿಗೆ. ಲೋಟವನ್ನು ಆ ಪುಟದ ಮೇಲೆಯೇ ಇಟ್ಟುಕೊಂಡರು. ಒಂದೊಂದೇ ಗುಟುಕು ಕುಡಿದು, ಪ್ರತಿ ಸಲವೂ ಅದೇ ಜಾಗಕ್ಕೆ ಇಟ್ಟರು. ಮೀನು ಸತ್ತಿದೆ ಎಂದೆ. "ಮೀನಿಗೆ ಗೂಡು ಅಭ್ಯಾಸ ಆಗ್ಬೇಕು, 45 ದಿನ ಟೈಮ್ ಕೊಡಿ." ಸತ್ತ ಮೀನಿಗೂ 45 ದಿನ ಸಾಕಾ ಎಂದು ಕೇಳಿದೆ. ಉತ್ತರ ಬರಲಿಲ್ಲ, ಮುಂದಿನ ಟೋಕನ್ ನಂಬರ್ ಕೂಗಿದರು. ಆ ಪುಟದ ನೆರಳಚ್ಚು ಲಗತ್ತಿಸಿದ್ದೇನೆ. ತೂತಿನ ಅಳತೆಯಿರುವ ಸಾಲಿನ ಮೇಲೆ ಕಾಣುವ ಕಂದು ಉಂಗುರ ನಿಮ್ಮ ಕಚೇರಿಯ ಟೀಯದ್ದು.

ಗೂಡಿಗೆ ಕೊಟ್ಟ ₹42,000 ವಾಪಸ್ ಬೇಕು. ಶೀಟಿನ ತೇಪೆ ನಿಮ್ಮ ಖರ್ಚಿನಲ್ಲಿ ಆಗಬೇಕು, ಬೆಸೆಯಲು ಬರುವವರಿಗೆ ಬಿಸಿಗಾಳಿ ಯಂತ್ರ ಹಿಡಿಯಲು ಬರಬೇಕು. ಸತ್ತ ಮೀನಿನ ಬೆಲೆ ಬೇರೆ. ಇದಕ್ಕೆ ಹದಿನೈದು ದಿನ.

ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ಎರಡು ವರ್ಷದ ಅವಧಿ ಇದೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಸಹಾಯವಾಣಿ 1915ಕ್ಕೆ ಇವತ್ತೇ ದೂರು ಬರೆಸುತ್ತೇನೆ. ಆದರೆ ನಿಜ ಹೇಳಬೇಕೆಂದರೆ ನಾನು ಕಾಯುತ್ತಿರುವುದು ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ. ನಿಮ್ಮ ಮಳಿಗೆ ಅಲ್ಲಿ ಇದ್ದೇ ಇರುತ್ತದೆ. ಅದರ ಎದುರಿಗೆ ನೀರು ತುಂಬಿದ ಸಿಮೆಂಟ್ ತೊಟ್ಟಿ ಇಟ್ಟು, ನಿಮ್ಮದೇ ಗೂಡಿಗೆ ನಿಮ್ಮದೇ ಎರಡು ಬ್ಲಾಕ್ ಕಟ್ಟಿ ಬಿಡುತ್ತೇನೆ. ನಾಲ್ಕನೇ ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಪಕ್ಕದಲ್ಲಿ ನಿಲ್ಲಿಸುತ್ತೇನೆ, ಉಂಗುರದ ಸಮೇತ.

ಇಂತಿ,
ನಿಮ್ಮ ಗ್ರಾಹಕ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ